ಅಜ್ಜಿಯ ದನಿ ಫೋನಿಗೆ ಹೇಗೆ ಬರುತ್ತದೆ? ಚಿಕ್ಕ ಮಕ್ಕಳಿಗೆ ಮೊಬೈಲ್ ಅರ್ಥ ಮಾಡಿಸುವ ಬಗೆ

ಕೊಟ್ಟಿಗೆಹಾರದ ಹತ್ತಿರ ನನ್ನ ತವರುಮನೆ. ಅಲ್ಲಿ ಮನೆಯೊಳಗೆ ಫೋನ್ ಸಿಗುವುದಿಲ್ಲ. ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ, ಹಲಸಿನ ಮರದ ಪಕ್ಕ, ಎರಡು ಕಡ್ಡಿ ನೆಟ್‌ವರ್ಕ್ ಬರುತ್ತದೆ. ಅಮ್ಮ ದಿನಾ ಸಂಜೆ ಅಲ್ಲಿ ನಿಂತೇ ನಮಗೆ ಫೋನ್ ಮಾಡುವುದು. ನಾವಿರುವುದು ಚಿಕ್ಕಮಗಳೂರು ಪೇಟೆಯಲ್ಲಿ. ಬೇಸಿಗೆ ರಜೆಗೆ ಹೋದಾಗ ಆರು ವರ್ಷದ ಮಗಳು ಇದನ್ನು ನೋಡಿ ಕೇಳಿದಳು: "ಅಮ್ಮಾ, ಅಜ್ಜಿ ಯಾಕೆ ಅಲ್ಲೇ ನಿಂತ್ಕೊಂಡು ಮಾತಾಡ್ತಾರೆ? ಆ ಮೂಲೇಲಿ ಏನಿದೆ?"

"ಅಲ್ಲಿ ಟವರ್ ಸಿಗುತ್ತೆ ಪುಟ್ಟಿ" ಅಂದೆ. ಅವಳು ಮರದ ಹಿಂದೆ ಹೋಗಿ ಹುಡುಕಿ ಬಂದಳು. "ಅಲ್ಲಿ ಯಾವ ಟವರೂ ಇಲ್ಲ!"

ಅವಳು ಹೇಳಿದ್ದು ಸರಿಯೇ. ಅಲ್ಲಿ ಟವರ್ ಇರಲಿಲ್ಲ. ನಾವು ದೊಡ್ಡವರು ಮಾತಾಡುವ ರೀತಿಯೇ ಹಾಗೆ: "ಟವರ್ ಸಿಗ್ತಿಲ್ಲ", "ನೆಟ್‌ವರ್ಕ್ ಹೋಯ್ತು", "ಲೈನ್ ಕಟ್ ಆಯ್ತು". ಮಕ್ಕಳು ಇದನ್ನೆಲ್ಲ ಕೇಳಿಸಿಕೊಂಡು ತಮ್ಮದೇ ಒಂದು ಚಿತ್ರ ಕಟ್ಟಿಕೊಳ್ಳುತ್ತಾರೆ. ಫೋನ್ ಒಳಗೆ ಅಜ್ಜಿ ಪುಟ್ಟದಾಗಿ ಕೂತಿದ್ದಾರೆ ಅಂತ ನಂಬಿದ ಮಕ್ಕಳನ್ನು ನಾನು ನೋಡಿದ್ದೇನೆ. "ಸ್ಯಾಟಲೈಟಿಂದ ಬರುತ್ತೆ" ಅಂತ ಹೇಳಿಕೊಟ್ಟ ಅಪ್ಪಂದಿರನ್ನೂ ನೋಡಿದ್ದೇನೆ.

ಆ ರಜೆಯಲ್ಲಿ ಮಗಳಿಗೆ, ಅಣ್ಣನ ಇಬ್ಬರು ಮಕ್ಕಳಿಗೆ, ಅಕ್ಕಪಕ್ಕದ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಮಕ್ಕಳಿಗೆ ಐದಾರು ಸಂಜೆ ಕೂತು ಇದನ್ನು ಹೇಳಿಕೊಟ್ಟೆ. ಯಾವುದು ಅರ್ಥ ಆಯ್ತು, ಎಲ್ಲಿ ತಪ್ಪಿತು ಅನ್ನೋದನ್ನು ನೋಡಿಕೊಂಡು ಈ ಕ್ರಮ ಬರೆದಿದ್ದೇನೆ. ಐದರಿಂದ ಒಂಬತ್ತು ವರ್ಷದವರಿಗೆ ಇದು ಹೊಂದುತ್ತದೆ. ಒಂದೇ ದಿನ ಎಲ್ಲಾ ತುರುಕಬೇಡಿ. ದಿನಕ್ಕೆ ಒಂದು ಸಾಕು, ಮತ್ತು ಮೊದಲು ಕೈಯಲ್ಲಿ ಮಾಡಿಸಿ, ಆಮೇಲೆ ಬಾಯಲ್ಲಿ ಹೇಳಿ.

ಬೇಕಾದ ಸಾಮಾನು: ಒಂದು ಬಲೂನು, ಸ್ಟೀಲ್ ಬಟ್ಟಲು, ರಬ್ಬರ್ ಬ್ಯಾಂಡ್, ಒಂದು ಹಿಡಿ ರಾಗಿ, ಎರಡು ಖಾಲಿ ಬೆಂಕಿಪೊಟ್ಟಣ, ದಾರ, ಟಾರ್ಚು, ಗಣಿತದ ಚೌಕುಳಿ ಪುಸ್ತಕ, ಅಡುಗೆಮನೆಯ ಫಾಯಿಲ್, ಎರಡು ಫೋನು.

ಮೊದಲ ಸಂಜೆ: ದನಿ ಅಂದರೆ ನಡುಕ

ಮಗುವಿನ ಕೈಯನ್ನು ಅದರ ಗಂಟಲ ಮೇಲೆ ಇಡಿಸಿ "ಮ್‌ಮ್‌ಮ್" ಅನ್ನಿಸಿ. ಬೆರಳಿಗೆ ಗುಂಯ್ ಅಂತ ನಡುಗಿದ್ದು ಗೊತ್ತಾಗುತ್ತದೆ. ಈಗ ಬಲೂನು ಕತ್ತರಿಸಿ ಬಟ್ಟಲಿನ ಬಾಯಿಗೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಹತ್ತಿಪ್ಪತ್ತು ರಾಗಿ ಕಾಳು ಉದುರಿಸಿ. ಬಟ್ಟಲನ್ನು ಮುಟ್ಟದೆ, ಪಕ್ಕದಲ್ಲಿ ಒಂದು ತಟ್ಟೆಯನ್ನು ಸೌಟಿನಿಂದ ಜೋರಾಗಿ ಬಡಿಯಿರಿ. ರಾಗಿ ಕುಣಿಯುತ್ತದೆ. ಮಕ್ಕಳು ಇದನ್ನು ಹತ್ತು ಸಲ ಮಾಡಿಸದೆ ಬಿಡುವುದಿಲ್ಲ, ಬಿಡಿಸಬೇಡಿ ಕೂಡ.

ಆಗ ಹೇಳಬೇಕಾದದ್ದು ಇಷ್ಟೇ. ತಟ್ಟೆ ನಡುಗಿತು, ಅದು ಗಾಳಿಯನ್ನು ನಡುಗಿಸಿತು, ಗಾಳಿ ಬಲೂನನ್ನು ನಡುಗಿಸಿತು. ನಮ್ಮ ಕಿವಿಯೊಳಗೂ ಇಂಥದ್ದೇ ಒಂದು ಪರದೆ ಇದೆ. ಫೋನಿನ ಕೆಳಗಿರುವ ಸಣ್ಣ ತೂತಿನ ಹಿಂದೆಯೂ ಒಂದು ಪುಟ್ಟ ಪರದೆ ಇದೆ, ಅದೇ ಮೈಕು. ಈ ಕೊನೆಯ ಮಾತು ನಾಲ್ಕನೇ ಸಂಜೆಗೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಎರಡನೇ ಸಂಜೆ: ಬೆಂಕಿಪೊಟ್ಟಣದ ಫೋನು

ಇದು ನಮಗೆಲ್ಲ ಗೊತ್ತಿರುವ ಆಟ. ಎರಡು ಪೊಟ್ಟಣಕ್ಕೂ ಸೂಜಿಯಿಂದ ತೂತು ಮಾಡಿ, ದಾರ ಪೋಣಿಸಿ, ಒಳಗಡೆ ಕಡ್ಡಿಗೆ ಗಂಟು ಹಾಕಿ. ಹತ್ತು ಹದಿನೈದು ಅಡಿ ದಾರ ಸಾಕು. ದಾರ ಬಿಗಿಯಾಗಿರಬೇಕು, ಎಲ್ಲೂ ತಾಗಬಾರದು. ಸಡಿಲ ಬಿಟ್ಟು ನೋಡಿ, ನಡುವೆ ಬೆರಳಲ್ಲಿ ಹಿಡಿದು ನೋಡಿ, ಮೂಲೆ ತಿರುಗಿಸಿ ನೋಡಿ. ಮೂರರಲ್ಲೂ ಮಾತು ಕೇಳಿಸುವುದಿಲ್ಲ. ಈ "ಕೇಳಿಸುವುದಿಲ್ಲ" ಅನ್ನೋದೇ ಮುಖ್ಯ.

"ಅಜ್ಜಿ ಮನೆವರೆಗೆ ದಾರ ಕಟ್ಟೋಣ್ವಾ?" ಅಂತ ಕೇಳಿ. ದಾರಿಯಲ್ಲಿ ಏನೇನು ಅಡ್ಡ ಬರುತ್ತದೆ ಅಂತ ಅವರೇ ಪಟ್ಟಿ ಮಾಡಲಿ. ನಮ್ಮ ಮಕ್ಕಳು ಲಾರಿ, ದನ, ಕೋತಿ, ಕಾಡು ಅಂತ ಶುರು ಮಾಡಿ ಕೊನೆಗೆ "ಆನೆ ಬಂದ್ರೆ ಎಳ್ಕೊಂಡೇ ಹೋಗುತ್ತೆ" ಅಂದರು. ಸರಿ, ದಾರ ಆಗುವುದಿಲ್ಲ. ಹಾಗಾದರೆ ಕೂಗಿದರೆ? ಶಬ್ದ ಗಾಳಿಯಲ್ಲಿ ಒಂದು ಕಿಲೋಮೀಟರ್ ಹೋಗೋಕೆ ಸುಮಾರು 3 ಸೆಕೆಂಡ್ ತೆಗೆದುಕೊಳ್ಳುತ್ತದೆ. ಮಿಂಚು ಕಂಡ ಮೇಲೆ ಗುಡುಗಿಗೆ ಎಣಿಸುವ ಆಟ ಮಲೆನಾಡಿನ ಮಕ್ಕಳಿಗೆ ಗೊತ್ತೇ ಇರುತ್ತದೆ. ಅದೇ ಲೆಕ್ಕದಲ್ಲಿ, ಚಿಕ್ಕಮಗಳೂರಲ್ಲಿ ಕೂಗಿದ್ದು ಬೆಂಗಳೂರಿನವರೆಗೂ ಕೇಳುತ್ತದೆ ಅಂತಲೇ ಇಟ್ಟುಕೊಂಡರೂ ಅಲ್ಲಿಗೆ ಮುಟ್ಟೋಕೆ ಸುಮಾರು ಹತ್ತು ನಿಮಿಷ ಬೇಕು. ಅಲ್ಲಿರುವ ಮಾವನಿಗೆ "ಹಲೋ" ಅಂದು, ಅವರು ತಿರುಗಿ "ಹಲೋ" ಅನ್ನೋಷ್ಟರಲ್ಲಿ ಇಪ್ಪತ್ತು ನಿಮಿಷ! ಫೋನಲ್ಲಿ ಹಾಗಾಗಲ್ಲ ಅಲ್ವಾ? ಅಂದರೆ ಫೋನು ಕಳಿಸುತ್ತಿರುವುದು ಶಬ್ದವನ್ನಲ್ಲ. ಹಾಗಾದರೆ ಇನ್ನೇನನ್ನು? ಆ ಪ್ರಶ್ನೆಯ ಮೇಲೇ ಎರಡನೇ ಸಂಜೆ ಮುಗಿಸಿ, ಮಲಗೋಕೆ ಕಳಿಸಿ.

ಮೂರನೇ ಸಂಜೆ: ಕಣ್ಣಿಗೆ ಕಾಣದ ಬೆಳಕು

ಕತ್ತಲಾದ ಮೇಲೆ ಮಾಡಿ. ಒಬ್ಬರು ಅಂಗಳದ ಈ ತುದಿ, ಇನ್ನೊಬ್ಬರು ಆ ತುದಿ. ಟಾರ್ಚ್ ಒಂದು ಸಲ ಮಿಣುಕಿಸಿದರೆ "ಬಾ", ಎರಡು ಸಲ ಅಂದರೆ "ಬೇಡ". ಬಾಯಿ ಬಿಡದೆ, ದಾರ ಇಲ್ಲದೆ ಮಾತು ಹೋಯ್ತು, ಅದೂ ಕಣ್ಣು ಮಿಟುಕಿಸುವ ಮೊದಲೇ. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಇಡೀ ಭೂಮಿಯನ್ನು ಏಳು ಸುತ್ತಿಗಿಂತ ಜಾಸ್ತಿ ಸುತ್ತಿದ ಹಾಗೆ.

ಈಗ ಟಾರ್ಚ್ ಹಿಡಿದವರು ಗೋಡೆಯ ಹಿಂದೆ ಹೋಗಲಿ. ಕಾಣುವುದಿಲ್ಲ. ಫೋನಿನ ಹತ್ತಿರ ಇರುವುದು ಇದೇ ಬೆಳಕಿನ ಅಣ್ಣತಮ್ಮ, ರೇಡಿಯೋ ಅಲೆ ಅಂತ ಅದರ ಹೆಸರು. ಅಷ್ಟೇ ವೇಗ, ಆದರೆ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟಿಕೊಂಡು ಹೋಗುತ್ತದೆ. 1895ರಲ್ಲೇ ಕೋಲ್ಕತ್ತದಲ್ಲಿ ವಿಜ್ಞಾನಿ ಜಗದೀಶ್ ಚಂದ್ರ ಬೋಸ್ ಇಂಥ ಕಾಣದ ಅಲೆಯನ್ನು ಗೋಡೆ ದಾಟಿಸಿ ಆಚೆ ಇದ್ದ ಗಂಟೆ ಬಾರಿಸಿ ತೋರಿಸಿದ್ದರು. ಈ ಕತೆಯನ್ನು ಮಕ್ಕಳಿಗೆ ತಪ್ಪದೆ ಹೇಳಿ. ಗಂಟೆ ತಾನಾಗೇ ಬಾರಿಸಿದಾಗ ಅಲ್ಲಿದ್ದವರ ಮುಖ ಹೇಗಾಗಿರಬಹುದು ಅಂತ ಅವರು ಅಭಿನಯಿಸಿ ತೋರಿಸುತ್ತಾರೆ.

ಅಲೆ ಎಷ್ಟು ದೊಡ್ಡದು ಅಂತ ಕೇಳಿದರೆ ಶಾಲೆಯ ಸ್ಕೇಲ್ ತೋರಿಸಿ. ನಮ್ಮ ಫೋನುಗಳು ಬಳಸುವ ಅಲೆಗಳಲ್ಲಿ ಒಂದು ಬಗೆ, ಸೆಕೆಂಡಿಗೆ 90 ಕೋಟಿ ಸಲ ಅಲುಗುವಂಥದ್ದು, ಸುಮಾರು 33 ಸೆಂಟಿಮೀಟರ್ ಉದ್ದ ಇರುತ್ತದೆ. ಸ್ಕೇಲಿಗಿಂತ ಸ್ವಲ್ಪ ಉದ್ದ, ಅಷ್ಟೇ. ಮನೆಯಲ್ಲಿ ಹಾಸನ ಆಕಾಶವಾಣಿ ಹಾಕಿದರೆ ಬರುವ ಎಫ್‌ಎಂ ಅಲೆ ಮೂರು ಮೀಟರ್ ಹತ್ತಿರ, ಬಾಗಿಲಿಗಿಂತ ಎತ್ತರ. ರೇಡಿಯೋ ಪೆಟ್ಟಿಗೆ ಬರೀ ಕೇಳಿಸಿಕೊಳ್ಳುತ್ತದೆ. ಫೋನು ಕೇಳಿಸಿಕೊಳ್ಳುವುದರ ಜೊತೆಗೆ ತಾನೂ ಅಲೆ ಕಳಿಸುತ್ತದೆ. "ಕಿವಿಯೂ ಇದೆ, ಬಾಯಿಯೂ ಇದೆ" ಅಂದರೆ ಐದು ವರ್ಷದವರಿಗೂ ಅರ್ಥವಾಗುತ್ತದೆ.

ನಾಲ್ಕನೇ ಸಂಜೆ: ರಂಗೋಲಿಯ ಲೆಕ್ಕ

ಇದು ಇಡೀ ಪಾಠದ ಹೊಟ್ಟೆ. ಇದೊಂದು ಕೂತರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಇಲ್ಲಿ ಅವಸರ ಮಾಡಲೇಬೇಡಿ.

ಹಬ್ಬದ ಹಿಂದಿನ ದಿನ ನಮ್ಮ ಅತ್ತಿಗೆ, ಚಿಕ್ಕಮ್ಮಂದಿರು ಫೋನಲ್ಲಿ ರಂಗೋಲಿ ಹೇಳಿಕೊಳ್ಳುವುದನ್ನು ಕೇಳಿದ್ದೀರಲ್ಲ? "ಒಂಬತ್ತು ಚುಕ್ಕಿ ಇಡು, ಐದಕ್ಕೆ ನಿಲ್ಲಿಸು, ಸಂದು ಚುಕ್ಕಿ." ಇಷ್ಟು ಕೇಳಿಸಿಕೊಂಡು ಈ ಕಡೆಯವರು ತಮ್ಮ ಅಂಗಳದಲ್ಲಿ ಅದೇ ರಂಗೋಲಿ ಹಾಕುತ್ತಾರೆ. ಅಲ್ಲಿಂದ ಇಲ್ಲಿಗೆ ರಂಗೋಲಿ ಪುಡಿ ಬಂತಾ? ಒಂದು ಚಿಟಿಕೆಯೂ ಇಲ್ಲ. ಬಂದದ್ದು ಬರೀ ಲೆಕ್ಕ. ಪುಡಿ ನಮ್ಮದೇ, ಕೈ ನಮ್ಮದೇ, ರಂಗೋಲಿ ಮಾತ್ರ ಅವರದು.

ಫೋನಲ್ಲೂ ಹೀಗೇ. ಅಜ್ಜಿಯ ದನಿ ಕಣದಿಂದ ನಮ್ಮ ಮನೆಗೆ ಬರುವುದಿಲ್ಲ. ದನಿಯ ಲೆಕ್ಕ ಬರುತ್ತದೆ. ಆ ಲೆಕ್ಕ ನೋಡಿಕೊಂಡು ನಮ್ಮ ಫೋನು ಇಲ್ಲೇ, ಈ ಮನೆಯ ಗಾಳಿಯಲ್ಲೇ, ಅಜ್ಜಿಯ ದನಿಯನ್ನು ಹೊಸದಾಗಿ ಹಾಕುತ್ತದೆ.

ಇದನ್ನು ಆಡಿಸುವ ಬಗೆ ಹೀಗೆ. ಚೌಕುಳಿ ಪುಸ್ತಕದಲ್ಲಿ ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆ ಗುರುತು ಮಾಡಿ. ಒಂದು ಮಗು ಕೆಲವು ಮನೆಗಳಿಗೆ ಬಣ್ಣ ತುಂಬಿ ಚಿತ್ರ ಮಾಡಲಿ. ಇನ್ನೊಂದು ಮಗು ಖಾಲಿ 25 ಮನೆ ಹಿಡಿದು ಪಕ್ಕದ ಕೋಣೆಯಲ್ಲಿ ಕೂರಲಿ. ಬಣ್ಣ ಇದ್ದರೆ "ಒಂದು", ಇಲ್ಲದಿದ್ದರೆ "ಸೊನ್ನೆ" ಅಂತ ಮೇಲಿನ ಸಾಲಿನ ಎಡದಿಂದ ಓದುತ್ತಾ ಹೋಗಬೇಕು. ಮೊದಲ ಸಲ ಈ ಚಿತ್ರ ಕೊಡಿ:

0 1 0 1 0
1 1 1 1 1
1 1 1 1 1
0 1 1 1 0
0 0 1 0 0

ಆ ಕೋಣೆಯಿಂದ "ಹೃದಯ! ಹೃದಯ ಬಂತು!" ಅಂತ ಕೂಗು ಬರುವವರೆಗೆ ಕಾಯಿರಿ.

ಎರಡನೇ ಸಲ ಬೇಕಂತಲೇ ನಡುವೆ ಒಂದು ಸಂಖ್ಯೆ ನುಂಗಿಬಿಡಿ. ಅಲ್ಲಿಂದ ಮುಂದೆ ಎಲ್ಲಾ ಒಂದು ಮನೆ ಸರಿದು ಚಿತ್ರ ಹಾಳಾಗುತ್ತದೆ. ನಮ್ಮ ಅಣ್ಣನ ಚಿಕ್ಕ ಮಗ ಇದಕ್ಕೆ ತಾನೇ ಉಪಾಯ ಕಂಡುಕೊಂಡ. "ಪ್ರತಿ ಸಾಲಿಗೂ ನಂಬರ್ ಹೇಳು, ಆಗ ಒಂದು ಸಾಲು ಹಾಳಾದ್ರೂ ಬೇರೆ ಸಾಲು ಸರಿಯಾಗಿರುತ್ತೆ." ಎಂಟು ವರ್ಷದ ಹುಡುಗ. ಫೋನು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಒಂದು ಸೆಕೆಂಡಿನ ಮಾತನ್ನು ಸಾಮಾನ್ಯವಾಗಿ 50 ತುಂಡು ಮಾಡಿ ಕಳಿಸುತ್ತದೆ. ದಾರಿಯಲ್ಲಿ ಒಂದೆರಡು ತುಂಡು ಕಳೆದುಹೋದರೆ ಗೊತ್ತೇ ಆಗುವುದಿಲ್ಲ. ತುಂಬಾ ಕಳೆದರೆ "ಹಲೋ... ನಿನ್... ವಾಯ್ಸ್ ಕಟ್... ಆಗ್ತಿದೆ".

ಇನ್ನು, ದನಿಯನ್ನು ಲೆಕ್ಕ ಮಾಡುವುದು ಹೇಗೆ? ಹುಟ್ಟುಹಬ್ಬಕ್ಕೆ ಮಗುವನ್ನು ಗೋಡೆಗೆ ನಿಲ್ಲಿಸಿ ಪೆನ್ಸಿಲಲ್ಲಿ ಎತ್ತರದ ಗೆರೆ ಎಳೆಯುತ್ತೇವಲ್ಲ, ಅದನ್ನೇ ನೆನಪಿಸಿ. ಮೈಕಿನ ಪುಟ್ಟ ಪರದೆ ರಾಗಿ ಕುಣಿದ ಬಲೂನಿನ ಹಾಗೆ ಒಳಗೆ ಹೊರಗೆ ಆಡುತ್ತಿರುತ್ತದೆ. ಈಗ ಎಷ್ಟು ಒಳಗಿದೆ, ಈಗ ಎಷ್ಟು ಹೊರಗಿದೆ ಅಂತ ಫೋನು ಗೆರೆ ಎಳೆಯುತ್ತಾ ಹೋಗುತ್ತದೆ. ವರ್ಷಕ್ಕೊಂದು ಸಲ ಅಲ್ಲ, ಸೆಕೆಂಡಿಗೆ 8,000 ಸಲ, ಈಗಿನ ಫೋನುಗಳಲ್ಲಿ 16,000 ಸಲವೂ ಇದೆ. ಆ ಅಳತೆಗಳೇ ಸೊನ್ನೆ ಒಂದುಗಳಾಗಿ ಹೋಗುತ್ತವೆ. ಆ ಕಡೆ ಸ್ಪೀಕರಿನ ಪರದೆ ಅದೇ ಅಳತೆಗೆ ತಕ್ಕಂತೆ ಒಳಗೆ ಹೊರಗೆ ಆಡುತ್ತದೆ. ಫೋಟೋ, ವಿಡಿಯೋ ಕಾಲ್ ಕೂಡ ಚುಕ್ಕಿ ಲೆಕ್ಕವೇ. ಹೃದಯದ ಚಿತ್ರಕ್ಕೆ 25 ಚುಕ್ಕಿ ಆದರೆ ಅಜ್ಜಿಯ ಫೋಟೋಗೆ ಲಕ್ಷಗಟ್ಟಲೆ. ಅದಕ್ಕೇ ಕಣದ ಮೂಲೆಯಲ್ಲಿ ಮಾತು ಬರುತ್ತದೆ, ವಿಡಿಯೋ ಮಾತ್ರ ಸುತ್ತುತ್ತಾ ನಿಲ್ಲುತ್ತದೆ.

ಐದು ವರ್ಷದವರಿಗೆ 8,000 ಗಿಳಿಪಾಠ ಮಾಡಿಸಬೇಡಿ. ರಂಗೋಲಿ ಸಾಕು.

ಐದನೇ ಸಂಜೆ: ಫೋನು ಫೋನಿನ ಜೊತೆ ಮಾತಾಡುವುದಿಲ್ಲ

ದೊಡ್ಡವರಲ್ಲೂ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ. ಅಡುಗೆಮನೆಯಿಂದ ಅಂಗಳಕ್ಕೆ ಫೋನ್ ಮಾಡಿದರೂ ಮಾತು ನೇರವಾಗಿ ಹೋಗುವುದಿಲ್ಲ. ನಮ್ಮ ಫೋನಿಂದ ಟವರಿಗೆ, ಟವರಿಂದ ಕರೆ ಜೋಡಿಸುವ ಕೇಂದ್ರವಾದ ಕಂಪನಿಯ ಎಕ್ಸ್‌ಚೇಂಜಿಗೆ, ಅಲ್ಲಿಂದ ಮತ್ತೆ ಟವರಿಗೆ, ಆಮೇಲೆ ಅಂಗಳದ ಫೋನಿಗೆ.

ಕಿವಿಯಲ್ಲೇ ಇದನ್ನು ಕೇಳಿಸಬಹುದು. ಒಬ್ಬರು ಫೋನ್ ಹಿಡಿದು ಅಂಗಳದ ತುದಿಗೆ ಹೋಗಲಿ, ಕಣ್ಣಿಗೆ ಕಾಣುವಷ್ಟು ದೂರ. ಮಗು ಇನ್ನೊಂದು ಫೋನನ್ನು ಕಿವಿಗೆ ಇಟ್ಟುಕೊಳ್ಳಲಿ. ಅಂಗಳದವರು ಫೋನಿನ ಹತ್ತಿರ ಒಂದು ಚಪ್ಪಾಳೆ ಹೊಡೆಯಲಿ. ಮಗುವಿಗೆ ಎರಡು ಚಪ್ಪಾಳೆ ಕೇಳಿಸುತ್ತದೆ! ಮೊದಲು ಗಾಳಿಯಲ್ಲಿ ಬಂದದ್ದು, ಆಮೇಲೆ ಫೋನಲ್ಲಿ ಬಂದದ್ದು. ಅಲೆ ಬೆಳಕಿನಷ್ಟು ವೇಗ ಅಂದಿರಿ, ಮತ್ತೆ ಇದೇಕೆ ತಡ ಅಂತ ಜಾಣ ಮಕ್ಕಳು ಕೇಳುತ್ತಾರೆ. ಚಪ್ಪಾಳೆಯನ್ನು ಲೆಕ್ಕ ಮಾಡೋಕೆ, ತುಂಡು ಕಟ್ಟೋಕೆ, ಅಲ್ಲಿ ಬಿಚ್ಚೋಕೆ ಹಿಡಿಯುವ ಹೊತ್ತು ಅದು.

ಟವರ್ ನೋಡೋಕೆ ಒಂದು ದಿನ ಕರೆದುಕೊಂಡು ಹೋಗಿ. ಬೇಲಿಯ ಹೊರಗೇ ನಿಲ್ಲಿ, ಹತ್ತುವುದು ಮುಟ್ಟುವುದು ಬೇಡ. ಮೇಲೆ ನೆಟ್ಟಗೆ ನಿಲ್ಲಿಸಿದ ಉದ್ದನೆಯ ಬಿಳಿ ಪೆಟ್ಟಿಗೆಗಳು ಕಾಣುತ್ತವೆ, ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖ ಮಾಡಿರುತ್ತವೆ. ಅವು ಫೋನುಗಳ ಜೊತೆ ಮಾತಾಡುವಂಥವು. ಡೋಲಿನ ಹಾಗೆ ದುಂಡಗೆ ಇರುವುದು ಇನ್ನೊಂದು ಟವರಿನ ಜೊತೆ ಮಾತಾಡುತ್ತದೆ. ಕೆಳಗೆ ಬ್ಯಾಟರಿ ಪೆಟ್ಟಿಗೆ, ಎಷ್ಟೋ ಕಡೆ ಡೀಸೆಲ್ ಜನರೇಟರ್. ರಸ್ತೆ ಬದಿ ಅಗೆದು ಪೈಪ್ ಹೂಳುತ್ತಾರಲ್ಲ, ಅದರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇರುತ್ತದೆ. ಮಾತಿನ ಲೆಕ್ಕ ಅದರೊಳಗೆ ಬೆಳಕಾಗಿ ಮಿಣುಕುತ್ತಾ ಊರಿಂದ ಊರಿಗೆ ಹೋಗುತ್ತದೆ. ಮೂರನೇ ಸಂಜೆಯ ಟಾರ್ಚ್ ಆಟವೇ ಇದು ಅಂತ ಹೇಳಿದಾಗ ಮಗಳ ಕಣ್ಣು ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಇಷ್ಟೊಂದು ಟವರ್ ಯಾಕೆ? ಮುಳ್ಳಯ್ಯನಗಿರಿ ಮೇಲೆ ಒಂದೇ ದೊಡ್ಡದು ಹಾಕಿದ್ರೆ ಸಾಕಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ. ಕರ್ನಾಟಕದ ಅತಿ ಎತ್ತರದ ಬೆಟ್ಟ ಅದು, ಕೇಳುವುದು ಸಹಜ. ಶಾಲೆಯನ್ನೇ ಉದಾಹರಣೆ ಕೊಡಿ. ಎಲ್ಲಾ ಕ್ಲಾಸಿನವರನ್ನೂ ಒಂದೇ ಹಾಲಿನಲ್ಲಿ ಕೂರಿಸಿ ಎಲ್ಲಾ ಟೀಚರ್ ಒಟ್ಟಿಗೆ ಪಾಠ ಮಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರು ಮೆಲ್ಲಗೆ ಮಾತಾಡಿದರೆ ಎಲ್ಲರ ಪಾಠವೂ ನಡೆಯುತ್ತದೆ. ಬಳಸೋಕೆ ಸಿಗುವ ಅಲೆಗಳೂ ಇಂತಿಷ್ಟೇ. ಅದಕ್ಕೇ ಊರನ್ನು ಜೇನಿನ ಎರಿಯ ಹಾಗೆ ಸಣ್ಣ ಸಣ್ಣ ಕೋಣೆ ಅಂತ ಮಾಡಿಕೊಂಡು, ಒಂದೊಂದಕ್ಕೆ ಒಂದು ಟವರ್ ಇಟ್ಟು, ಇಲ್ಲಿ ಬಳಸಿದ ಅಲೆಯನ್ನೇ ಸ್ವಲ್ಪ ದೂರದಲ್ಲಿ ಮತ್ತೆ ಬಳಸುತ್ತಾರೆ. ಆ ಒಂದು ಕೋಣೆಗೆ ಸೆಲ್ ಅಂತ ಹೆಸರು. ಸೆಲ್ ಫೋನ್ ಅನ್ನುವ ಹೆಸರು ಬಂದದ್ದು ಇಲ್ಲಿಂದ. ಈ ಯೋಚನೆ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾಲಯದಲ್ಲಿ 1947ರಲ್ಲೇ ಹುಟ್ಟಿತ್ತು.

ಈಗ ಟವರ್ ಆಟ. ಏಳು ಮಕ್ಕಳು ಬೇಕು. ಮೂವರು ಟವರುಗಳಾಗಿ ಕಣದಲ್ಲಿ ದೂರ ದೂರ ನಿಲ್ಲಲಿ. ಬೇಲೂರು, ಹಗರೆ, ಹಾಸನ ಅಂತ ಹೆಸರಿಡಿ. ಒಬ್ಬರು ಎಕ್ಸ್‌ಚೇಂಜ್, ನಡುವೆ. ಅಜ್ಜಿಯ ಹತ್ತಿರ ಒಂದು ಟವರ್ ಬೇರೆ ಇರಲಿ, ಅಜ್ಜಿಯೊಬ್ಬರು, ಬಸ್ಸಲ್ಲಿ ಹೋಗುವ ಫೋನ್ ಒಬ್ಬರು. "ಅಜ್ಜೀ ಊಟ ಆಯ್ತಾ ನಾನು ಬಸ್ಸಲ್ಲಿದೀನಿ" ಅನ್ನುವುದನ್ನು ಒಂದೊಂದು ಪದಕ್ಕೆ ಒಂದು ಚೀಟಿ ಮಾಡಿ ನಂಬರ್ ಹಾಕಿ. ಬಸ್ಸಿನ ಮಗು ಬೇಲೂರಿಂದ ಹಾಸನಕ್ಕೆ ನಡೆಯುತ್ತಾ ಹತ್ತಿರದ ಟವರಿಗೆ ಚೀಟಿ ಕೊಡುತ್ತಾ ಹೋಗಬೇಕು. ಟವರು ಎಕ್ಸ್‌ಚೇಂಜಿಗೆ, ಎಕ್ಸ್‌ಚೇಂಜ್ ಅಜ್ಜಿಯ ಟವರಿಗೆ, ಅದು ಅಜ್ಜಿಗೆ. ನಿಯಮ ಒಂದೇ: ಬಸ್ಸಿನ ಮಗು ಅಜ್ಜಿಯ ಕೈಗೆ ನೇರ ಕೊಡುವ ಹಾಗಿಲ್ಲ.

ಬೇಲೂರಿನ ಟವರ್ ದೂರವಾಗುತ್ತಿದ್ದ ಹಾಗೆ ಹಗರೆಯ ಟವರಲ್ಲಿ ಜಾಗ ಮೊದಲೇ ಹಿಡಿದಿಟ್ಟಿರುತ್ತಾರೆ, ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುವ ಹಾಗೆ. ಅದಕ್ಕೇ ಬಸ್ಸು ಓಡುತ್ತಿದ್ದರೂ ಮಾತು ನಿಲ್ಲುವುದಿಲ್ಲ. ಹಗರೆಯ ಮಗುವನ್ನು ಆಟದಿಂದ ತೆಗೆದುಬಿಟ್ಟು ಇನ್ನೊಂದು ಸಲ ಆಡಿಸಿ. ಚೀಟಿ ತೆಗೆದುಕೊಳ್ಳುವವರೇ ಇಲ್ಲ. ಚಾರ್ಮಾಡಿ ಘಾಟಿಯಲ್ಲಿ ಮಾತು ನಿಂತುಹೋಗುವುದು ಹೀಗೇ ಅಂತ ಆಗ ಹೇಳಿ.

ಕಣದ ಮೂಲೆಯ ಗುಟ್ಟು ಕೂಡ ಇಲ್ಲಿಗೆ ಬಿಚ್ಚುತ್ತದೆ. ತವರುಮನೆ ಇರುವುದು ಗುಡ್ಡದ ಬುಡದಲ್ಲಿ. ಟವರು ಗುಡ್ಡದ ಆಚೆ. ಅಲೆ ಗೋಡೆ ದಾಟಬಹುದು, ಗುಡ್ಡ ದಾಟುವುದಿಲ್ಲ. ಕಣದ ಆ ಮೂಲೆಯಿಂದ ಮಾತ್ರ ಎರಡು ಗುಡ್ಡದ ನಡುವಿನ ಸಂದು ಕಾಣುತ್ತದೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಜೆ ಅಲ್ಲಿ ನಿಂತೆ. ದೂರದಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. "ಅದೇನಾ ಟವರ್?" ಅಂದಳು. ಅದೇ.

ಮರುದಿನ ಮಕ್ಕಳು ಒಂದೇ ಫೋನ್ ಹಿಡಿದು ಮನೆಯ ಮೂಲೆ ಮೂಲೆಗೂ ಹೋಗಿ ಎಷ್ಟು ಕಡ್ಡಿ ಅಂತ ಬರೆದು ನೆಟ್‌ವರ್ಕಿನ ನಕ್ಷೆ ಮಾಡಿದರು. ನಿಮ್ಮ ಮನೆಯಲ್ಲೂ ಮಾಡಿಸಿ. ಅಲೆ ತಡೆಯುವುದನ್ನು ತೋರಿಸಲು ಫೋನನ್ನು ಫಾಯಿಲ್‌ನಲ್ಲಿ ಎರಡು ಮೂರು ಸುತ್ತು ಸುತ್ತಿ, ಅರ್ಧ ನಿಮಿಷ ಬಿಟ್ಟು ಕಾಲ್ ಮಾಡಿ. ಸಂದು ಉಳಿದರೆ, ಅಥವಾ ಟವರ್ ತೀರಾ ಹತ್ತಿರ ಇದ್ದರೆ ರಿಂಗ್ ಆಗಬಹುದು, ಆಗ ಇನ್ನೂ ಎರಡು ಸುತ್ತು ಸುತ್ತಿ. ಜಾಸ್ತಿ ಹೊತ್ತು ಹಾಗೇ ಬಿಡಬೇಡಿ. ಟವರ್ ಸಿಗದಿದ್ದಾಗ ಫೋನು ಶಕ್ತಿಯೆಲ್ಲ ಹಾಕಿ ಕೂಗುತ್ತಿರುತ್ತದೆ, ಬಿಸಿಯಾಗುತ್ತದೆ. ಘಾಟಿಯಲ್ಲಿ ಬ್ಯಾಟರಿ ಬೇಗ ಇಳಿಯುವುದಕ್ಕೂ ಇದೇ ಕಾರಣ.

ಆರನೇ ಸಂಜೆ: ಹಾಜರಿ

"ಊರಲ್ಲಿ ಇಷ್ಟೊಂದು ಫೋನ್ ಇದೆ, ನಮ್ದಕ್ಕೇ ಹೇಗೆ ರಿಂಗ್ ಆಗುತ್ತೆ?" ಇದಕ್ಕೆ ಸಿಮ್ ತೋರಿಸಿ. ಬೆರಳುಗುರಿನಷ್ಟು ಚಿಪ್ಪು, ಅದರೊಳಗೆ ಒಂದು ನಂಬರು ಮತ್ತು ಒಂದು ಗುಟ್ಟಿನ ಕೀಲಿ. ತೀರಾ ಚಿಕ್ಕವರ ಕೈಗೆ ಕೊಡಬೇಡಿ, ಬಾಯಿಗೆ ಹಾಕಿಕೊಳ್ಳುತ್ತಾರೆ. ಫೋನ್ ಆನ್ ಮಾಡಿದಾಗ, ಆಮೇಲೆ ಆಗಾಗ, ಅದು ಟವರಿಗೆ ಹಾಜರಿ ಹೇಳುತ್ತದೆ: "ಪ್ರೆಸೆಂಟ್ ಮಿಸ್, ನಾನು ಈ ಭಾಗದಲ್ಲಿದ್ದೇನೆ." ಅಜ್ಜಿಗೆ ಕಾಲ್ ಬಂದಾಗ ಆ ಭಾಗದ ಟವರುಗಳೆಲ್ಲ ಕೂಗುತ್ತವೆ. ಶಾಲೆಯ ಆಯಮ್ಮ ಒಂದೊಂದು ಕ್ಲಾಸಿಗೂ ಬಂದು "ಇವರ ಮನೆಯವರು ಬಂದಿದ್ದಾರೆ" ಅಂತ ಹೆಸರು ಕೂಗುತ್ತಾರಲ್ಲ, ಹಾಗೆ. ಎಲ್ಲರಿಗೂ ಕೇಳಿಸುತ್ತದೆ, ಎದ್ದು ಬರುವುದು ಒಬ್ಬರೇ. ಅಜ್ಜಿ ಫೋನ್ ಮನೆಯೊಳಗೆ ಇಟ್ಟು ಅಡುಗೆ ಮಾಡುತ್ತಿದ್ದರೆ ಹಾಜರಿಯೇ ಇಲ್ಲ. ಆಗಲೇ "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಅನ್ನುವ ಅಕ್ಕನ ದನಿ. ಈ ಮಾತಿನ ಅರ್ಥ ಗೊತ್ತಾದಾಗ ಮಕ್ಕಳಿಗೆ ಆಗುವ ಖುಷಿಯೇ ಬೇರೆ.

ಫೋನಿಗೇ ಒಂದು ನಂಬರ್ ಇದೆ. *#06# ಒತ್ತಿಸಿ, 15 ಅಂಕಿ ಬರುತ್ತದೆ, ಎಣಿಸಲಿ. ಎರಡು ಸಿಮ್ಮಿನ ಫೋನಲ್ಲಿ ಸಾಮಾನ್ಯವಾಗಿ ಎರಡು ನಂಬರ್ ಬರುತ್ತದೆ. ಅದನ್ನು ಯಾರಿಗೂ ಕಳಿಸಬೇಡಿ ಅಂತಲೂ ಹೇಳಿ. 112 ಆಟಕ್ಕೆ ಒತ್ತುವ ನಂಬರಲ್ಲ, ಅಪಾಯ ಬಂದಾಗ ಮಾತ್ರ ಅನ್ನೋದನ್ನು ಇದೇ ಹೊತ್ತಲ್ಲಿ ಕಲಿಸಿಬಿಡಿ. ಬ್ಯಾಟರಿಗೆ ಚುಚ್ಚಬಾರದು, ಫೋನ್ ಬಿಚ್ಚಬಾರದು ಅನ್ನೋದನ್ನೂ.

ಬರುವ ಪ್ರಶ್ನೆಗಳು

ಸ್ಯಾಟಲೈಟ್: ಹಾಸನದ ಸುತ್ತಮುತ್ತಲ ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ, ಸಾಲಗಾಮೆ ರಸ್ತೆಯ ಇಸ್ರೋದ ದೊಡ್ಡ ದೊಡ್ಡ ಛತ್ರಿಗಳನ್ನು ನೋಡಿರುತ್ತಾರೆ. 1982ರಲ್ಲಿ ಶುರುವಾದ ಆ ಎಂಸಿಎಫ್ (ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ), ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ನಮ್ಮ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಹೆಮ್ಮೆಯಿಂದ ಹೇಳಿ. ಆದರೆ ಅಜ್ಜಿಯ ಜೊತೆ ಆಡುವ ಮಾತು ಅಲ್ಲಿಗೆ ಹೋಗುವುದಿಲ್ಲ. ಅಷ್ಟು ಮೇಲೆ ಹೋಗಿ ಇಳಿಯೋಕೆ ಬೆಳಕಿಗೂ ಕಾಲು ಸೆಕೆಂಡ್ ಬೇಕು, ನಮ್ಮ ಪುಟ್ಟ ಫೋನಿನ ಕೂಗು ಅಷ್ಟು ದೂರ ಹೋಗುವುದೂ ಕಷ್ಟ. ಫೋನಿನ ಮ್ಯಾಪ್ ಮಾತ್ರ ಉಪಗ್ರಹಗಳ ಮಾತು ಕೇಳಿಸಿಕೊಂಡು ನಾವೆಲ್ಲಿದ್ದೇವೆ ಅಂತ ಲೆಕ್ಕ ಹಾಕುತ್ತದೆ. ಕೇಳಿಸಿಕೊಳ್ಳುತ್ತದೆ ಅಷ್ಟೇ, ಮಾತಾಡುವುದಿಲ್ಲ.

ಮಳೆಗೆ ನೆಟ್‌ವರ್ಕ್ ಯಾಕೆ ಹೋಗುತ್ತದೆ: ಮಳೆಹನಿಗಿಂತ ಕರೆಂಟಿನ ಪಾತ್ರ ದೊಡ್ಡದು. ಮಲೆನಾಡಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿದ್ದರೆ ಟವರಿನ ಬ್ಯಾಟರಿ ಮುಗಿಯುತ್ತದೆ. ಗುಡ್ಡ ಜರಿದರೆ ಗಾಜಿನ ಎಳೆ ತುಂಡಾಗುತ್ತದೆ. ಟಿವಿಯ ಡಿಶ್ ಬೇರೆ, ಅದರ ಅಲೆ ತೀರಾ ಸಣ್ಣದು, ಜೋರು ಮಳೆಗೆ ಅದು ಸೋಲುತ್ತದೆ.

ಮೊದಲ ಮೊಬೈಲ್ ಹೇಗಿತ್ತು: ಒಂದು ಕೆಜಿ ಸಕ್ಕರೆ ಪ್ಯಾಕೆಟ್ ಕಿವಿಗೆ ಹಿಡಿಸಿ, ಹತ್ತು ನಿಮಿಷ ಮಾತಾಡು ಅನ್ನಿ. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ಮೊಟೊರೊಲಾ ಕಂಪನಿಯ ಎಂಜಿನಿಯರ್ ಮಾರ್ಟಿನ್ ಕೂಪರ್ ಮೊದಲ ಕೈಫೋನಿಂದ ಮಾತಾಡಿದಾಗ ಅದರ ತೂಕ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ಕ್ಕೆ, ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಆಗಿನ ಕೇಂದ್ರ ಸಂಪರ್ಕ ಮಂತ್ರಿ ಸುಖ್ ರಾಮ್ ಅವರಿಗೆ ಮಾಡಿದ್ದು.

ಕೊನೆಗೆ ಮಗುವಿನ ಬಾಯಲ್ಲೇ ಹೇಳಿಸಿ

ಕಲಿತದ್ದನ್ನು ಮಗು ಬೇರೆ ಯಾರಿಗಾದರೂ ಹೇಳಲಿ, ನೀವು ಪಕ್ಕದಲ್ಲಿ ಸುಮ್ನೆ ಕೂತು ಕೇಳಿಸಿಕೊಳ್ಳಿ. ನಡುವೆ ತಿದ್ದಬೇಡಿ. ಮೂರು ಕಡೆ ಜಾರುವುದು ಜಾಸ್ತಿ: ದನಿಯೇ ಹಾರಿ ಹೋಗುತ್ತದೆ ಅನ್ನುವುದು, ಫೋನಿಂದ ಫೋನಿಗೆ ನೇರ ಹೋಗುತ್ತದೆ ಅನ್ನುವುದು, ಎಲ್ಲಾ ಸ್ಯಾಟಲೈಟ್ ಅನ್ನುವುದು. ಮೊದಲನೆಯದಕ್ಕೆ ಮತ್ತೆ ರಂಗೋಲಿ ಆಡಿಸಿ, ಎರಡನೆಯದಕ್ಕೆ ಚಪ್ಪಾಳೆ, ಮೂರನೆಯದಕ್ಕೆ ಟವರಿನ ಹತ್ತಿರ ಒಂದು ಸುತ್ತು.

ನನ್ನ ಮಗಳು ಚಿಕ್ಕಮಗಳೂರಿಗೆ ವಾಪಸ್ ಬಂದ ದಿನ ಸಂಜೆ ಅಜ್ಜಿಗೇ ಫೋನ್ ಮಾಡಿ ಎಲ್ಲಾ ಹೇಳಿದಳು. ಹಾಜರಿ, ಟವಲ್, ಗಾಜಿನ ಎಳೆ, ಒಂದೂ ಬಿಡಲಿಲ್ಲ. ಆ ಕಡೆಯಿಂದ ಅಮ್ಮ ಕೇಳಿದರು, "ಹಂಗಾದ್ರೆ ಈಗ ನೀನು ಕೇಳ್ತಿರೋದು ನನ್ನ ದನಿ ಅಲ್ವಾ ಪುಟ್ಟೀ?" ಮಗಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ನಿಮ್ಮ ರಂಗೋಲಿನೇ ಅಜ್ಜಿ. ಪುಡಿ ಮಾತ್ರ ನಮ್ಮನೇದು."